ಬಾಪಾಕ್ ಬರೆದ ಸಾಲು

ನಮ್ಮ ಕಾರ್ಖಾನೆಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ, ಯಾರದೂ ತಪ್ಪಿಲ್ಲ, ಯಜಮಾನರು ಹೇಳಿದ್ದಕ್ಕೆ ಯಾರೂ ಬೇಡ ಎಂದದ್ದಿಲ್ಲ. ಹೊರಗಿನವರು ಒಂದು ದಿನ ಕೂತು ನೋಡಿದರೆ ಇದೇ ಸ್ವರ್ಗ ಅಂದುಕೊಂಡು ಹೋಗುತ್ತಾರೆ. ಆ ಸ್ವರ್ಗ ನಡೆಯುತ್ತಿದ್ದದ್ದು ನನ್ನ ಮೇಜಿನಿಂದ ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ವಿನಾರ್ಸಿಹ್. ಎಲ್ಲರ ಬಾಯಲ್ಲಿ ಬು ವಿನ್, ಅಂದರೆ ವಿನ್ ಅಮ್ಮ. ಜೆಪಾರಾದಲ್ಲಿ ತೇಗದ ಮೇಜು ಕುರ್ಚಿ ಮಾಡಿ ಹಡಗು ಹತ್ತಿಸುವ ಈ ಕಾರ್ಖಾನೆಗೆ ಸೇರಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಈಗ ನನ್ನ ಮಗಳೇ ಮದುವೆಗೆ ಬಂದಿದ್ದಾಳೆ. ಒಂದು ಕಡೆ ಯಜಮಾನರ ಕೋಣೆ, ಇನ್ನೊಂದು ಕಡೆ ಗರಗಸದ ಸದ್ದು, ನಡುವೆ ನನ್ನ ಮೇಜು. ಕಾಗದಪತ್ರ ನೋಡಿಕೊಳ್ಳುವವಳು ಎಂದು ಹೆಸರಿಗೆ. ನಿಜವಾದ ಕೆಲಸ, ಬಾಯಿಬಿಟ್ಟು ಹೇಳಲಾರದವರ ಮಾತನ್ನು ಮುಟ್ಟಬೇಕಾದವರಿಗೆ ಮುಟ್ಟಿಸುವುದು.

ಅದು ನಡೆಯುತ್ತಿದ್ದದ್ದು ಹೀಗೆ. ಮರಗೆಲಸದ ಮೇಸ್ತ್ರಿ, ನಾವು ಗೌರವಕ್ಕೆ ಪಕ್ ಎನ್ನುವ ಕಸ್ಮುದಿ, ಬಂದು ನನ್ನೆದುರು ಕೂರುತ್ತಾರೆ. ಚಹಾ ಕೊಡುತ್ತೇನೆ. ಮಳೆ, ಮೊಮ್ಮಗನ ಹಲ್ಲು, ಮೀನಿನ ಬೆಲೆ ಎಲ್ಲ ಮುಗಿದು, ಎದ್ದು ಬಾಗಿಲ ತನಕ ಹೋಗಿ, ಅಲ್ಲಿಂದ ತಿರುಗಿ, "ಆ ಬೀರು ಬಾಗ್ಲು ಸ್ವಲ್ಪ ಭಾರ ಆದಂಗಿದೆ ಅಲ್ವಾ, ನಂಗೇ ಹಂಗನ್ಸುತ್ತೋ ಏನೋ" ಎನ್ನುತ್ತಾರೆ. ಅಂದರೆ ಬೀರು ಮಗುಚಿ ಬೀಳುವುದು ಖಂಡಿತ. ನಾನು ಇನ್ನೊಂದು ಲೋಟ ಚಹಾ ಹಿಡಿದು ಯಜಮಾನರ ಕೋಣೆಗೆ ಹೋಗುತ್ತೇನೆ. ಅವರ ಪೆರ್ಕುತುತ್ ಹಕ್ಕಿ ಇವತ್ತು ಎಷ್ಟು ಚೆನ್ನಾಗಿ ಕೂಗಿತು ಎನ್ನುತ್ತೇನೆ. ಹಕ್ಕಿಯಿಂದ ಪಂಜರಕ್ಕೆ, ಪಂಜರದಿಂದ ಅದರ ಬಾಗಿಲಿಗೆ, ಅಲ್ಲಿಂದ ಬೀರುವಿನ ಬಾಗಿಲಿಗೆ ಬರುತ್ತೇನೆ. ಯಜಮಾನರು ಕಣ್ಣು ಮುಚ್ಚಿ ತಲೆದೂಗಿ, "ಹೌದು ವಿನ್, ನಾನೂ ಅದನ್ನೇ ಯೋಚ್ನೆ ಮಾಡ್ತಿದ್ದೆ" ಎನ್ನುತ್ತಾರೆ. ಅಷ್ಟೇ. ಬೀರು ನೆಟ್ಟಗೆ ನಿಲ್ಲುತ್ತದೆ, ಯಾರ ಮುಖವೂ ಬಾಡುವುದಿಲ್ಲ.

ಇದನ್ನು ದಾಕ್ಷಿಣ್ಯ ಅನ್ನಿ, ಪುಕ್ಕಲುತನ ಅನ್ನಿ, ನಾವು ಹೀಗೇ. ನನಗಂತೂ ಈ ಕೆಲಸದ ಮೇಲೆ ಜಂಬ ಇತ್ತು. ಎಷ್ಟು ಬಾಗಿಲು, ಎಷ್ಟು ಕಾಲು, ಎಷ್ಟು ಜನರ ಮಾನ ನನ್ನ ಚಹಾದ ಲೋಟದಲ್ಲಿ ಉಳಿದಿದೆಯೋ!

ಯಜಮಾನರನ್ನು ನಾವೆಲ್ಲ ಬಾಪಾಕ್ ಎನ್ನುತ್ತೇವೆ, ತಂದೆಯನ್ನು ಕರೆದ ಹಾಗೆ. ಅವರ ಹೆತ್ತ ಮಗಳು ಎಸ್ತಿ. ಚಿಕ್ಕವಳಿದ್ದಾಗ ನನ್ನ ಮೇಜಿನ ಕೆಳಗೆ ಕೂತು ಚಿತ್ರ ಗೀಚುತ್ತಿದ್ದವಳು. ದೊಡ್ಡ ಪಟ್ಟಣ ಸೆಮರಾಂಗಿನಲ್ಲಿ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ಅಪ್ಪನ ಜೊತೆ ಕಾರ್ಖಾನೆ ನೋಡಿಕೊಳ್ಳಲು ಬಂದಳು. ಬಂದ ತಿಂಗಳೇ ನಮ್ಮನ್ನೆಲ್ಲ ಕೂರಿಸಿ, ಗೋಡೆಯ ಮೇಲೆ ದೊಡ್ಡದಾಗಿ ಒಂದು ಪುಟ ತೋರಿಸಿದಳು.

"ಇನ್ಮೇಲೆ ಎಲ್ಲಾ ಕೆಲ್ಸ ಈ ಪುಟದಲ್ಲಿ. ಇದು ಯಾರ ಕಂಪ್ಯೂಟರಲ್ಲೂ ಇರಲ್ಲ, ಕ್ಲೌಡಲ್ಲಿರುತ್ತೆ. ನಿಮ್ ನಿಮ್ ಫೋನಲ್ಲೇ ತೆಗೀಬೋದು. ಯಾರು ಏನ್ ಬರೆದ್ರೂ ಎಲ್ರಿಗೂ ಆಗಿಂದಾಗ್ಲೇ ಕಾಣುತ್ತೆ."

"ಎಲ್ರಿಗೂನಾ?" ಎಂದರು ಪಕ್ ಕಸ್ಮುದಿ, ಮೆಲ್ಲಗೆ.

"ಎಲ್ರಿಗೂ! ಯಾರು ತಿದ್ದಿದ್ರು, ಏನು ಹೊಡೆದುಹಾಕಿದ್ರು, ಹೆಸರಿನ ಸಮೇತ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಇನ್ನು ಮುಚ್ಚುಮರೆ ಅನ್ನೋದೇ ಇಲ್ಲ."

ಅವಳು ಅದನ್ನು ಸಿಹಿಸುದ್ದಿ ಹೇಳುವ ಹಾಗೆ ಹೇಳಿದಳು. ಕೂತವರ ಮುಖ ಬಿಳಿಚಿಕೊಂಡದ್ದು ಅವಳಿಗೆ ಕಾಣಲಿಲ್ಲ.

ಪುಟದ ಜೊತೆಗೆ ಒಂದು ಎಐ ಕೂಡ ಬಂತು. ನಾವು ಬರೆದದ್ದನ್ನೆಲ್ಲ ಓದಿ ಸಂಜೆಗೆ ಸಾರಾಂಶ ಬರೆಯುವುದು, ಯಾರಿಗೆ ಏನು ಬೇಕೋ ಹುಡುಕಿ ಕೊಡುವುದು ಅದರ ಕೆಲಸ. ಮರಳು ಕಾಗದ ಉಜ್ಜುವ ಹೆಂಗಸರಿಗೆಲ್ಲ ದೊಡ್ಡಮ್ಮನಂತಿರುವ ಬುದೆ ತುಮಿಗೆ ಒಂದೇ ಚಿಂತೆ.

"ಅದು ನಮಗಿಂತ ದೊಡ್ಡದೋ ಚಿಕ್ಕದೋ? ಏನಂತ ಕರೀಬೇಕು?"

"ಅದು ಮಷೀನು ಬುದೆ, ಏನಂತಾದ್ರೂ ಕರೀರಿ" ಎಂದ ನಕ್ಷೆ ಬರೆಯುವ ಗಾಲಿಹ್.

"ಅದ್ಹೆಂಗಾಗುತ್ತೆ? ಹುಟ್ಟಿದ್ದು ಮೊನ್ನೆ, ತಿಳ್ಕೊಂಡಿರೋದು ಮುತ್ತಜ್ಜನಷ್ಟು. ತಮ್ಮಾ ಅಂದ್ರೆ ಬೇಜಾರಾದೀತು, ತಾತಾ ಅಂದ್ರೆ ಸಿಟ್ಟು ಬಂದೀತು."

ಕೊನೆಗೆ ನಡುವಿನದೊಂದು ಹಿಡಿದು, ಗೌರವಕ್ಕೂ ಕಡಿಮೆಯಾಗದ ಹಾಗೆ, ಜಾಣಣ್ಣ ಎಂದು ಹೆಸರಿಟ್ಟೆವು.

ಆ ಪುಟದಲ್ಲಿ ನಮಗೆ ಹಿಡಿಸಿದ್ದು ಒಂದೇ. ಓದಿದ ಸಾಲಿನ ಕೆಳಗೆ ಒತ್ತಲು ಒಂದು ಹೆಬ್ಬೆರಳಿನ ಗುರುತು ಇತ್ತು. ಏನೂ ಬರೆಯಬೇಕಾಗಿಲ್ಲ, ಏನೂ ಹೇಳಬೇಕಾಗಿಲ್ಲ. ಬಾಪಾಕ್ ಬರೆದದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತಿ, ನಿರಾಳವಾಗಿ ಕೆಲಸಕ್ಕೆ ಹೋಗುತ್ತಿದ್ದೆವು.

ಹೀಗಿರುವಾಗ ಒಂದು ಬೆಳಿಗ್ಗೆ ಪುಟ ತೆರೆದರೆ ಬಾಪಾಕ್ ಹೆಸರಿನಲ್ಲಿ, ಅವರ ಕಂದು ಬಣ್ಣದಲ್ಲಿ ಹೊಸ ಸಾಲು ಕೂತಿತ್ತು. 'ಲೆಬರಾನ್ ಆದ ಮೇಲೆ ಆಫೀಸಿನ ನಡುವಿನ ಮೇಜು ತೆಗೆಯುವುದು. ಬು ವಿನ್ ಮುಂದಿನ ಮಳಿಗೆಗೆ ಹೋಗುವುದು.'

ಲೆಬರಾನ್ ಎಂದರೆ ಉಪವಾಸದ ತಿಂಗಳು ಮುಗಿದ ಮೇಲಿನ ಹಬ್ಬ. ಮುಂದಿನ ಮಳಿಗೆ ಎಂದರೆ ರಸ್ತೆ ಬದಿಯ ನಮ್ಮ ಅಂಗಡಿ. ಪ್ಲಾಸ್ಟಿಕ್ ಹೊದ್ದ ಮಂಚ, ದಿವಾನ, ಅದರ ಮೇಲೊಂದು ಬೆಕ್ಕು. ಕೊಳ್ಳುವವರೆಲ್ಲ ಫೋನಿನಲ್ಲೇ ಕೊಳ್ಳುವ ಈ ಕಾಲದಲ್ಲಿ ಅಲ್ಲಿಗೆ ಬರುವವರು ದಾರಿ ಕೇಳುವವರು ಮಾತ್ರ. ಸಂಬಳ ನಿಲ್ಲುವುದಿಲ್ಲ, ಮರ್ಯಾದೆಗೆ ಕುಂದಿಲ್ಲ, ಕೆಲಸವೊಂದೇ ಇರುವುದಿಲ್ಲ. ನಮ್ಮಲ್ಲಿ ಒಬ್ಬರಿಗೆ ಇನ್ನು ಸಾಕು ಎನ್ನುವ ಕ್ರಮವೇ ಅದು.

ನನ್ನ ಆಯುಷ್ಯದ ಒಳ್ಳೆಯ ಭಾಗವೆಲ್ಲ ಆ ಮೇಜಿನ ಹಿಂದೆ ಕಳೆದಿತ್ತು. ಆದರೆ ಅದು ಬಾಪಾಕ್ ಬರೆದ ಸಾಲು, ಊರೆಲ್ಲ ನೋಡುತ್ತಿದೆ. ನಾನೇನು ಮಾಡಲಿ? ಹೆಬ್ಬೆಟ್ಟು ಒತ್ತಿದೆ. ಮೊದಲು ಒತ್ತಿದವಳೇ ನಾನು. ನನ್ನ ಹಿಂದೆ ಪಕ್ ಕಸ್ಮುದಿ, ಬುದೆ ತುಮಿ, ಗಾಲಿಹ್, ಒಬ್ಬೊಬ್ಬರಾಗಿ ಎಲ್ಲರೂ ಒತ್ತಿದರು. ಸಂಜೆ ಜಾಣಣ್ಣ ಬರೆದ: 'ಈ ತೀರ್ಮಾನಕ್ಕೆ ಎಲ್ಲರೂ ಒಮ್ಮತದಿಂದ ಒಪ್ಪಿದ್ದಾರೆ.'

ಬೇರೆಯವರ ಮಾತು ಮುಟ್ಟಿಸಲು ನಾನಿದ್ದೆ. ನನ್ನ ಮಾತು ಮುಟ್ಟಿಸಲು ಯಾರಿದ್ದರು? ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಅಂದಿನಿಂದ ನನ್ನ ಮೇಜಿಗೆ ಬರುವವರು ಕಡಿಮೆಯಾದರು. ಮುಖ ಕೊಟ್ಟು ಮಾತಾಡಲು ಅವರಿಗೆ ಮುಜುಗರ. ನನಗೂ ಮುನಿಸು. ಪುಟದಲ್ಲಿ ಏನಿದೆ ಎಂದು ನೋಡದೆಯೇ ಹೆಬ್ಬೆಟ್ಟು ಒತ್ತಿ ಪಕ್ಕಕ್ಕಿಡುತ್ತಿದ್ದೆ. ಅದಕ್ಕೇ ಊಟದ ಮೇಜಿನ ಕತೆ ನನಗೆ ತಡವಾಗಿ ತಿಳಿದದ್ದು.

ಲೊಂಬೊಕ್ ದ್ವೀಪದ ಒಂದು ಹೊಸ ಹೋಟೆಲಿನವರು ಊಟದ ಕೋಣೆಗೆ ಬೇಕಾದ ಮೇಜು ಕುರ್ಚಿಯೆಲ್ಲ ನಮ್ಮಲ್ಲೇ ಮಾಡಿಸುತ್ತಿದ್ದರು. ಆ ವರ್ಷದ ನಮ್ಮ ದೊಡ್ಡ ಕೆಲಸ ಅದೇ. ಸುಮಾರು ದಿನಗಳ ಮೇಲೆ ಪಕ್ ಕಸ್ಮುದಿ ನನ್ನೆದುರು ಬಂದು ಕೂತರು. ಟೋಪಿ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಮಳೆ ಜಾಸ್ತಿ ಆಯ್ತು ಈ ಸಲ" ಎಂದರು.

"ಹೂಂ" ಎಂದೆ, ತಲೆ ಎತ್ತದೆ. ಚಹಾ ಮಾತ್ರ ಹಾಕಿದೆ. ಸಿಟ್ಟು ಬೇರೆ, ಚಹಾ ಬೇರೆ.

"ಮೊಮ್ಮಗಂಗೆ ಇನ್ನೊಂದು ಹಲ್ಲು ಬಂತು."

"ಸಂತೋಷ."

ಎದ್ದರು. ಬಾಗಿಲ ತನಕ ಹೋದರು. ನಾನು ಕಾದೆ.

"ಆ ಹೋಟೆಲಿನ ಕುರ್ಚಿ... ಮೇಜಿನ ಕೆಳಗೆ ಹೋಗಲ್ಲ ಅನ್ನೋ ಹಂಗಿದೆ. ಕೂತ್ರೆ ಮೊಣಕಾಲು ತಟ್ಟುತ್ತೇನೋ. ನಂಗೇ ಹಂಗನ್ಸುತ್ತೋ ಏನೋ."

ಫೋನು ತೆಗೆದು ಪುಟ ನೋಡಿದೆ. ಬಾಪಾಕ್ ಬರೆದಿದ್ದರು: 'ಊಟದ ಮೇಜಿನ ಎತ್ತರ ಅರವತ್ತೈದು ಸೆಂಟಿಮೀಟರ್.' ಹಿಂದಿನ ಯಾವುದೋ ಸೋಫಾ ಪಕ್ಕದ ಮೇಜಿನ ಅಳತೆ ಅವರ ತಲೆಯಲ್ಲಿ ಕೂತಿರಬೇಕು. ಊಟದ ಮೇಜು ಎಪ್ಪತ್ತೈದು ಎನ್ನುವುದು ಜೆಪಾರಾದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಸಾಲಿನ ಕೆಳಗೆ ಹೆಬ್ಬೆಟ್ಟುಗಳ ಮೆರವಣಿಗೆ. ಅದರಲ್ಲಿ ನನ್ನದೂ ಇತ್ತು. ಅದರ ಕೆಳಗೆ ಜಾಣಣ್ಣನ ಷರಾ: 'ಅರವತ್ತೈದು ಎಂಬುದನ್ನು ಎಲ್ಲರೂ ಒಮ್ಮತದಿಂದ ಖಚಿತಪಡಿಸಿದ್ದಾರೆ.'

"ಪಕ್, ಕಾಲು ಕೊಯ್ದಾಯ್ತಾ?"

"ಎಲ್ಲಾ ಇಲ್ಲ."

"ಎಷ್ಟು?"

"ಅರ್ಧ ಆಗಿರ್ಬೋದು" ಎಂದು ಅವರು ತಮ್ಮ ಕಾಲು ನೋಡಿಕೊಂಡರು. "ಗಾಲಿಹ್ ನಕ್ಷೆನೂ ಅರವತ್ತೈದೇ ಬಂತು."

ಗಾಲಿಹ್‌ನನ್ನು ಕರೆದು ಕೇಳಿದೆ. ಅವನ ಮೊದಲ ನಕ್ಷೆಯಲ್ಲಿ ಎಪ್ಪತ್ತೈದೇ ಇತ್ತಂತೆ. ಬಾಪಾಕ್ ಸಾಲು ನೋಡಿ ನಕ್ಷೆಯನ್ನೇ ಬದಲಿಸಿದ್ದ.

"ಇನ್ನೇನ್ ಮಾಡ್ಲಿ ಬು? ತಿದ್ದೋಕೆ ಹೋದ್ರೆ ಬಾಪಾಕ್ ಬರೆದಿದ್ರ ಮೇಲೆ ಅಡ್ಡಗೆರೆ ಬೀಳುತ್ತೆ. ನನ್ ಬಣ್ಣದಲ್ಲಿ, ನನ್ ಹೆಸರಲ್ಲಿ! ಎಲ್ರ ಫೋನೂ ಟಣ್ ಅನ್ನುತ್ತೆ. ತುಂಬಿದ ಸಭೇಲಿ ಅವರ ಬಾಯಿಗೆ ಕೈ ಅಡ್ಡ ಇಟ್ಟಂಗಲ್ವಾ?"

ಒಂದು ಗಳಿಗೆ ನನಗೆ ಅನ್ನಿಸಿತು, ಆಗಲಿ. ಇನ್ನರ್ಧವನ್ನೂ ಕೊಯ್ಯಲಿ. ಮೇಜು ತೆಗೆಯುತ್ತೀರಲ್ಲ, ಮೇಜಿನ ಬೆಲೆ ಆಗ ಗೊತ್ತಾಗಲಿ. ಆದರೆ ಹೋಟೆಲಿನವರು ಮಾಲು ವಾಪಸು ಕಳಿಸಿದರೆ ಮೊದಲು ಮನೆಗೆ ಹೋಗುವವರು ಬುದೆ ತುಮಿಯ ಹೆಂಗಸರು, ಬಾಪಾಕ್ ಅಲ್ಲ, ಎಸ್ತಿಯೂ ಅಲ್ಲ. ಎದ್ದು ಎಸ್ತಿಯ ಬಳಿ ಹೋದೆ. ಕೊಯ್ಯುವುದನ್ನು ನಿಲ್ಲಿಸಲು ಪಕ್ ಕಸ್ಮುದಿಗೆ ನಾನು ಹೇಳಲೇ ಬೇಕಾಗಲಿಲ್ಲ. ಗರಗಸ ಆಗಲೇ ಯಾಕೋ ಕೆಟ್ಟು ನಿಂತಿತ್ತು.

ಎಸ್ತಿ ಕೇಳಿ ದಂಗಾದಳು.

"ಇಷ್ಟು ಜನ ಓದಿದ್ದಾರೆ, ಒಬ್ರೂ ಬಾಯಿ ಬಿಡ್ಲಿಲ್ವಾ? ಎಲ್ರೂ ಹೆಬ್ಬೆಟ್ಟು ಒತ್ತಿದ್ದಾರಲ್ಲ ಬು ವಿನ್!"

"ಒತ್ತದೆ ಇನ್ನೇನು ಮಾಡ್ತಾರೆ ಮಗಾ? ನಿಮ್ಮಪ್ಪ ಬರೆದಿದ್ದು."

"ತಪ್ಪು ಇದ್ರೆ ತಪ್ಪು ಅಂತ ಹೇಳೋಕೇನು? ತಿದ್ದೋಕೆ ತಾನೇ ಈ ಪುಟ ಇರೋದು? ನೋಡಿ, ಇಷ್ಟೇ. ನಾನೇ ತಿದ್ತೀನಿ" ಎಂದು ಕಂಪ್ಯೂಟರ್ ಎಳೆದುಕೊಂಡಳು.

ಅರವತ್ತೈದರ ಪಕ್ಕದಲ್ಲಿ ಅವಳ ಬಣ್ಣದ ಗೆರೆ ಮಿಣುಕುತ್ತ ನಿಂತಿತು. ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ನಿಂತಿತು. ನಿಂತೇ ಇತ್ತು. ಅವಳು ಕೈ ಹಿಂದೆಗೆದು, ಮುಖ ಮುಚ್ಚಿಕೊಂಡು ನಗತೊಡಗಿದಳು.

"ಆಗಲ್ಲ ಬು ವಿನ್. ಎಲ್ರೆದುರಿಗೆ ಅಪ್ಪನ ಸಾಲು... ಅಯ್ಯೋ, ನನ್ ಕೈಲೂ ಆಗಲ್ಲ."

ಸೆಮರಾಂಗ್ ಅವಳನ್ನು ಅಷ್ಟೇನೂ ಕೆಡಿಸಿರಲಿಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

"ಚಹಾ ತಗೊಂಡು ನೀವೇ ಒಳಗೆ ಹೋಗಿ ಬನ್ನಿ" ಎಂದಳು.

"ಪುಟದಲ್ಲಿ ಎಲ್ರೂ ನೋಡಿರೋ ತಪ್ಪನ್ನ ಕೋಣೇಲಿ ಗುಟ್ಟಾಗಿ ತಿದ್ದೋದು ಹೆಂಗೆ? ಪುಟದಲ್ಲೇ ತಿದ್ದಬೇಕು. ಆದ್ರೆ ತಿದ್ದೋರು ನಾಚಿಕೆ ಇಲ್ದೋರು ಆಗಿರ್ಬೇಕು." ಹೇಳುತ್ತಿದ್ದ ಹಾಗೆ ನನಗೇ ಹೊಳೆಯಿತು. "ಜಾಣಣ್ಣಂಗೆ ಮುಖ ಇದೆಯಾ?"

"ಮುಖಾನಾ? ಇಲ್ಲ."

"ಮತ್ತೆ? ಅವನ ಕೈಲಿ ಕೇಳ್ಸು."

ಎಸ್ತಿ ಅವನಿಗೆ ಹೇಳಿದಳು. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದು ತೋರಿಸಿದ: 'ದೋಷ ಕಂಡುಬಂದಿದೆ. ಮೇಜಿನ ಎತ್ತರ ತಪ್ಪಾಗಿದೆ. ದಯವಿಟ್ಟು ಸರಿಪಡಿಸಿ.'

"ಛೀ ಛೀ! ಪೊಲೀಸ್ ಠಾಣೆಯೇನು ಇದು? ಅಳಿಸು, ಅಳಿಸು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಮೊದಲು ಕ್ಷೇಮ ಕೇಳಬೇಕು ಎಂದೆ. ಆಮೇಲೆ ಕೆಲಸದಲ್ಲಿ ಏನು ಚೆನ್ನಾಗಿದೆಯೋ ಅದನ್ನು ಹೇಳಬೇಕು, ಅದೂ ಸುಳ್ಳಾಗಿರಬಾರದು. ಅನುಮಾನವನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳಬೇಕು. ಉತ್ತರ ಬಾಯಿಗೆ ಬಂದರೂ ಹೇಳಬಾರದು. ದೊಡ್ಡವರೇ ಹೇಳುವ ಹಾಗೆ ದಾರಿ ಬಿಡಬೇಕು. ಎಸ್ತಿ ನಾನು ಹೇಳಿದ್ದನ್ನೆಲ್ಲ ಅವನಿಗೆ ಪಾಠ ಒಪ್ಪಿಸುವ ಹಾಗೆ ಬರೆದುಕೊಟ್ಟಳು. ಎಷ್ಟೋ ಸಲ ತಿದ್ದಿದ ಮೇಲೆ ಜಾಣಣ್ಣನ ಮಾತು ಹೀಗೆ ಬಂತು:

'ಬಾಪಾಕ್ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಈ ಸಲದ ತೇಗದ ಬಣ್ಣ ಬಹಳ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಬರೆದಿದ್ದಾರೆ. ನಾನು ಹೊಸಬ, ಮೇಜಿನ ಮುಂದೆ ಕೂತು ಉಂಡವನಲ್ಲ. ಕುರ್ಚಿಯ ಕೈ ಮೇಜಿಗಿಂತ ಒಂದು ಬೆರಳು ಎತ್ತರ ಇರುವಂತೆ ನನಗೆ ಕಾಣುತ್ತಿದೆ. ತಪ್ಪು ತಿಳಿದಿದ್ದರೆ ತಿದ್ದಿ.'

ಪುಟಕ್ಕೆ ಹಾಕಿ ಇಬ್ಬರೂ ಕಾದು ಕೂತೆವು. ಗೋಡೆಯಾಚೆ ಹಕ್ಕಿ ಕೂಗುತ್ತಿತ್ತು. ಬಾಪಾಕ್ ಒಂದೇ ಬೆರಳಲ್ಲಿ ಕುಟ್ಟುವವರು, ತಡವಾಗುವುದೇ. ಕೊನೆಗೆ ಕಂದು ಅಕ್ಷರ ಒಂದೊಂದೇ ಮೂಡಿತು: 'ಒಳ್ಳೇದು ಕೇಳ್ದೆ ಮಗು. ಎಪ್ಪತ್ತೈದು ಅಂತ ಬರ್ಕೋ.'

ಗರಗಸ ಅದೇ ಗಳಿಗೆಗೆ ರಿಪೇರಿಯಾಯಿತು. ಆಚೆಯಿಂದ ಬುದೆ ತುಮಿ, "ಅಲ್ಲಾಹನ ದಯೆ!" ಎಂದು ಕೂಗಿದ್ದು ಇಲ್ಲಿಗೆ ಕೇಳಿಸಿತು. ಗಿಡ್ಡ ಕಾಲುಗಳನ್ನು ಏನು ಮಾಡಲೂ ಆಗಲಿಲ್ಲ. ಕೊಯ್ದ ಮರ ಬೆಳೆಯುವುದಿಲ್ಲವಲ್ಲ. ಅವುಗಳಿಂದ ನಮ್ಮ ಊಟದ ಚಪ್ಪರಕ್ಕೆ ಬೆಂಚು ಮಾಡಿಕೊಂಡೆವು. ಹೊಸ ಮರ ತರಿಸಿ, ಭಾನುವಾರಗಳನ್ನೂ ಬಿಡದೆ ದುಡಿದು, ಮೇಜುಗಳನ್ನು ಹೇಳಿದ ಹೊತ್ತಿಗೆ ಹಡಗಿಗೆ ಹಾಕಿದೆವು.

ಆಮೇಲೆ ಕಾರ್ಖಾನೆಗೆ ಜಾಣಣ್ಣನ ಹುಚ್ಚು ಹಿಡಿಯಿತು. ಮುಖ ಇಲ್ಲದವನಿಗೆ ಬೈಗುಳ ತಾಗುವುದಿಲ್ಲ ಎಂದು ಎಲ್ಲರಿಗೂ ತಿಳಿದುಹೋಯಿತು. ಮೊದಮೊದಲು ನನ್ನ ಬಳಿ ಬಂದು, "ಹಿಂಗ್ ಕೇಳು ಅಂತ ಅವ್ನಿಗೆ ಹೇಳಿ ಬು" ಎನ್ನುತ್ತಿದ್ದರು. ಹೇಳಿಕೊಟ್ಟೆ. ಆಮೇಲೆ ತಾವೇ ಹೇಳತೊಡಗಿದರು. ಬುದೆ ತುಮಿ ಅವನ ಮೂಲಕ ಧೂಳು ಎಳೆಯುವ ಫ್ಯಾನು ಕೇಳಿದಳು. ಬಾಪಾಕ್ ಎರಡು ಹಾಕಿಸಿದರು. ಗಾಲಿಹ್ ಹೊಸ ಮಾದರಿಯ ಕುರ್ಚಿ ತೋರಿಸಿದ; ಬಾಪಾಕ್ ಅದನ್ನು ಮಾಡಿಸಿ ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು. ಇಷ್ಟು ವರ್ಷ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತುಗಳೆಲ್ಲ ಹೊರಗೆ ಬಂದವು. ನೋಡಿ ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಂಕಟವೂ ಆಯಿತು. ನನ್ನ ವಿದ್ಯೆಯನ್ನೆಲ್ಲ ಅವನಿಗೆ ಧಾರೆ ಎರೆದಿದ್ದೆ. ಈಗ ನಾನು ನಿಜವಾಗಿಯೂ ಬೇಡ. ಆ ಸಾಲು ಅಲ್ಲೇ, ಬಾಪಾಕ್ ಬಣ್ಣದಲ್ಲಿ ಇತ್ತು. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಜಾಣಣ್ಣನ ಮೂಲಕ ಕೇಳಿಸಬಹುದಿತ್ತು ನಾನು. ಆದರೆ ಬೇರೆಯವರಿಗಾಗಿ ಎಷ್ಟು ನಯವಾಗಿ ಬೇಕಾದರೂ ಕೇಳಿಯೇನು. ನನಗಾಗಿ ಕೇಳಲು ನಾಲಿಗೆ ಏಳಲಿಲ್ಲ. ಇಷ್ಟು ವರ್ಷದ ಮೇಲೆ ಅವರಿಗೇ ಅನ್ನಿಸಬೇಕಲ್ಲವೇ ಎನ್ನುವ ಬಿಂಕ.

ಉಪವಾಸದ ತಿಂಗಳು ಬಂತು. ಹಗಲು ಚಹಾ ಇಲ್ಲ, ಹಾಗಾಗಿ ನನ್ನ ಮೇಜಿಗೆ ಯಾರೂ ಇಲ್ಲ. ರಜೆಗೆ ಮುಂಚೆ ಕೂತು ಮೇಜಿನ ಖಾನೆಗಳನ್ನು ಖಾಲಿ ಮಾಡಿದೆ. ಎಸ್ತಿ ಬಾಗಿಲವರೆಗೆ ಬಂದು ನಿಂತು, "ಬು ವಿನ್..." ಎಂದು, "ಹಬ್ಬಕ್ಕೆ ಏನ್ ಮಾಡ್ತೀರಾ?" ಎಂದು ಕೇಳಿ ಹೋದಳು. ಅವಳು ಕೇಳಲು ಬಂದದ್ದು ಅದಲ್ಲ ಎಂದು ನನಗೂ ಗೊತ್ತಿತ್ತು.

ಲೆಬರಾನ್ ಕಳೆದು ಕೆಲಸಕ್ಕೆ ಬಂದ ಮೊದಲ ದಿನ ಎಲ್ಲರೂ ಸಾಲಾಗಿ ನಿಂತು, ಒಬ್ಬರ ಕೈ ಇನ್ನೊಬ್ಬರು ಹಿಡಿದು, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ ತಪ್ಪು ಮನ್ನಿಸಿ ಎಂದು ಕೇಳಿಕೊಳ್ಳುವುದು ವಾಡಿಕೆ. ಪಕ್ ಕಸ್ಮುದಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. ಅವರ ಕಣ್ಣಲ್ಲಿ ನೀರಿತ್ತು. "ಮನ್ನಿಸಿ ಬು" ಎಂದರು. ಎಲ್ಲರಿಗೂ ಮನ್ನಿಸಿದೆ ಎಂದೆ. ಒಳಗೊಳಗೆ ಯಾರನ್ನೂ ಮನ್ನಿಸಲಿಲ್ಲ. ಕೆಟುಪಟ್ ಅನ್ನ, ತೆಂಗಿನ ಹಾಲಿನ ಕೋಳಿ ಸಾರು ಉಂಡು, ನನ್ನ ಫ್ಲಾಸ್ಕು ಎತ್ತಿಕೊಂಡು ಮುಂದಿನ ಮಳಿಗೆಗೆ ನಡೆದೆ. ಬೆಕ್ಕು ದಿವಾನದ ಒಂದು ಮೂಲೆ ಬಿಟ್ಟುಕೊಟ್ಟಿತು.

ಕೂತು ಎಷ್ಟೋ ಹೊತ್ತಾದ ಮೇಲೆ ಫೋನು ಟಣ್ ಎಂದಿತು. ತೆರೆದರೆ ಬಾಪಾಕ್ ಬರೆದ ಆ ಸಾಲು. 'ಮಳಿಗೆಗೆ' ಎಂಬ ಪದದ ಮೇಲೆ ಅಡ್ಡಗೆರೆ. ಹಸಿರು ಬಣ್ಣ. ಪಕ್ಕದಲ್ಲಿ ಹೆಸರು: ಕಸ್ಮುದಿ.

ಕಣ್ಣುಜ್ಜಿಕೊಂಡು ನೋಡಿದೆ. ಜಾಣಣ್ಣನ ಹಿಂದೆ ಅಡಗಿಕೊಂಡಿರಲಿಲ್ಲ. ಕುರ್ಚಿ ಮೇಜಿನ ಕೆಳಗೆ ಹೋಗುವುದಿಲ್ಲ ಎನ್ನಲು ಬಾಗಿಲ ತನಕ ನಡೆಯುವ ಮನುಷ್ಯ, ಎಲ್ಲರೆದುರಿಗೆ ತನ್ನ ಹೆಸರಲ್ಲಿ, ಯಜಮಾನರ ಒಂದು ಪದ ಹೊಡೆದಿದ್ದರು. ಒಂದೇ ಪದ. ಇಡೀ ಸಾಲು ಹೊಡೆಯುವ ಧೈರ್ಯ ಇರಲಿಲ್ಲ, ಪಾಪ.

ಫೋನು ಮತ್ತೆ ಟಣ್ ಎಂದಿತು. 'ಮುಂದಿನ' ಎಂಬುದಕ್ಕೆ ನೇರಳೆ ಗೆರೆ: ತುಮಿ. ಅಂಚಿನಲ್ಲಿ ಅವಳ ಒಕ್ಕಣೆ: 'ಜಾಣಣ್ಣನ ಹತ್ರ ಹೋಗೋಕೆ ಏನ್ ಕೇಳ್ಬೇಕು ಅಂತ ಮೊದ್ಲೇ ಗೊತ್ತಿರ್ಬೇಕು. ಬು ವಿನ್ ಹತ್ರ ಕೂತ್ಮೇಲೆ ಗೊತ್ತಾಗುತ್ತೆ.' ಅದರ ಹಿಂದೆಯೇ 'ಹೋಗುವುದು' ಎಂಬುದಕ್ಕೆ ನೀಲಿ ಗೆರೆ: ಗಾಲಿಹ್. ಆಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೊನೆಗೆ 'ತೆಗೆಯುವುದು' ಎಂಬುದಕ್ಕೆ ಕೇಸರಿ ಗೆರೆ ಬಿತ್ತು. ಎಸ್ತಿ, ತನ್ನಪ್ಪನ ಸಾಲಿನ ಮೇಲೆ.

ನಮ್ಮ ಊರಲ್ಲಿ ಮರದ ಮನೆಯನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಇಡುವಾಗ ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಹೆಗಲು ಕೊಡುವ ಹಾಗೆ ಒಬ್ಬೊಬ್ಬರು ಒಂದೊಂದು ಪದ ಹೊತ್ತಿದ್ದರು. ಉಳಿದದ್ದು ಇಷ್ಟು: 'ಲೆಬರಾನ್ ಆದ ಮೇಲೆ ಆಫೀಸಿನ ನಡುವಿನ ಮೇಜು. ಬು ವಿನ್.' ಕೆಳಗೆ ಜಾಣಣ್ಣನ ಷರಾ: 'ಎಲ್ಲರೂ ಹಬ್ಬ ಚೆನ್ನಾಗಿ ಕಳೆದಿರೆಂದು ನಂಬಿದ್ದೇನೆ. ಈ ಸಾಲು ಯಾರಿಗೂ ಒಪ್ಪಿಗೆಯಿಲ್ಲ ಎಂದು ನನಗೆ ಕಾಣುತ್ತಿದೆ. ನಾನು ಹೊಸಬ, ತಪ್ಪು ತಿಳಿದಿದ್ದರೆ ತಿದ್ದಿ.'

ನನ್ನದೇ ಮಾತಿನ ಧಾಟಿ! ಅಳುತ್ತಲೇ ನಗು ಬಂತು. ಬೆಕ್ಕು ಹೆದರಿ ಮಂಚದ ಕೆಳಗೆ ಓಡಿತು.

ಅಷ್ಟರಲ್ಲಿ ಬಾಗಿಲಲ್ಲಿ ಬಾಪಾಕ್. ಕೈಯಲ್ಲಿ ಎರಡು ಲೋಟ ಚಹಾ, ಅಂಗಿಯ ಮೇಲೆ ಅರ್ಧ ಚೆಲ್ಲಿಕೊಂಡು. ಒಂದನ್ನು ನನ್ನ ಕೈಗಿತ್ತು ದಿವಾನದ ಮೇಲೆ ಕೂತರು.

"ಹಕ್ಕಿ ಇವತ್ತು ಚೆನ್ನಾಗಿ ಕೂಗ್ತು, ವಿನ್" ಎಂದರು.

"ಹೌದಾ ಬಾಪಾಕ್."

"ಪಂಜರ ಸ್ವಲ್ಪ ಸರಿಸಿ ಇಟ್ಟಿದ್ದೆ. ಜಾಗ ಬದಲಾದ್ರೆ ಅದಕ್ಕೆ ಆಗಲ್ಲ ಅನ್ಸುತ್ತೆ. ಊಟ ಬಿಟ್ಟಿತ್ತು. ಮತ್ತೆ ಅಲ್ಲೇ ಇಟ್ಟೆ, ನೋಡು..."

ಎಲ್ಲಿಗೆ ಬರುತ್ತಿದ್ದಾರೆ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಆ ದಾರಿ ಹಾಕಿದವಳೇ ನಾನು. ಬೇರೆ ದಿನವಾಗಿದ್ದರೆ ಅರ್ಧ ದಾರಿಯಲ್ಲೇ ಕೈ ಹಿಡಿದು ದಾಟಿಸುತ್ತಿದ್ದೆ. ಅಂದು ದಾಟಿಸಲಿಲ್ಲ. ಚಹಾ ಕುಡಿಯುತ್ತ ಸುಮ್ಮನೆ ಕೂತೆ.

ಬಾಪಾಕ್ ಲೋಟ ಕೆಳಗಿಟ್ಟರು. "ನಡುವಿನ ಮೇಜು ತೆಗೆಯೋಣ ಅಂತ ಮಗಳು ಕೇಳಿದ್ಲು, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಬರೆದು ಹಾಕಿದ್ರೆ ನಿಮ್ಮಲ್ಲಿ ಒಬ್ರಾದ್ರೂ ಬೇಡ ಅಂತೀರ ಅಂದ್ಕೊಂಡೆ. ನೋಡಿದ್ರೆ ಮೊದಲ್ನೇ ಹೆಬ್ಬೆಟ್ಟು ನಿಂದೇ!"

"ನಾನೇನ್ ಮಾಡ್ಲಿ? ನೀವು ಬರೆದ ಸಾಲು."

"ಆ ಮೇಜಿನ ಎತ್ತರಾನೂ ಅಷ್ಟೇ. ಮಾರನೇ ದಿನವೇ ನಂಗೆ ಅನುಮಾನ ಬಂತು. ಆದ್ರೆ ಇಷ್ಟು ಜನ ಸರಿ ಅಂದ್ಮೇಲೆ ನನ್ ತಲೆನೇ ಕೆಟ್ಟಿರ್ಬೇಕು, ವಯಸ್ಸಾಯ್ತು ಅಂತ ಸುಮ್ನಾದೆ. ಹೆದರಿಕೆ ಆಗಿತ್ತು ವಿನ್." ಅವರು ನನ್ನ ಮುಖ ನೋಡಿದರು. "ನಾನು ತಪ್ಪು ಬರೆದೆ. ವಾಪಸ್ ಬಾ."

ಹಕ್ಕಿಯಿಲ್ಲ, ಪಂಜರವಿಲ್ಲ, ನೆಟ್ಟಗೆ ಹೇಳಿದರು. ಅಷ್ಟು ವರ್ಷದಲ್ಲಿ ಅದೇ ಮೊದಲು.

ಅವರು ಫೋನು ತೆಗೆದು, ತೋರುಬೆರಳು ಚಾಚಿ, "ಇಲ್ಲಿ ಒಪ್ಪಿಗೆ ಒತ್ತಿದ್ರೆ ಹೊಡೆದಿದ್ದೆಲ್ಲ ಅಳಿಸಿ ಹೋಗುತ್ತಂತೆ, ಒತ್ತಿಬಿಡ್ಲಾ?" ಎಂದರು.

"ಬೇಡ" ಎಂದೆ.

ಬಾಪಾಕ್ ತಲೆ ಎತ್ತಿದರು. ಅವರಿಗೆ ಯಾರೂ ಹೇಳದ ಪದ ಅದು. ಆಡಿದ ಮೇಲೆ ಹಿಂದೆ ಸರಿಯದೆ ಮುಗಿಸಿದೆ. "ಬೇಡ ಬಾಪಾಕ್. ಆ ಗೆರೆಗಳು ಹಂಗೇ ಇರ್ಲಿ."

ಅವರು ಬೆರಳು ಹಿಂದೆಗೆದುಕೊಂಡು, ಚಹಾ ಮುಗಿಯುವ ತನಕ ನಗುತ್ತಲೇ ಇದ್ದರು. ಆಮೇಲೆ ನನ್ನ ಫ್ಲಾಸ್ಕನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು.

ನಾನೀಗ ನಡುವಿನ ಮೇಜಿನಲ್ಲೇ ಇದ್ದೇನೆ. ಪಕ್ ಕಸ್ಮುದಿ ಈಗಲೂ ಬಾಗಿಲ ತನಕ ಹೋಗಿ ತಿರುಗಿ ನಿಂತೇ ಮಾತಾಡುವುದು. ಆದರೆ ಆಮೇಲೆ ಕೆಲವು ಸಲ ತಾವೇ ಪುಟದಲ್ಲಿ ಬರೆಯುತ್ತಾರೆ. ಆ ಸಾಲು ಅಡ್ಡಗೆರೆಗಳ ಸಮೇತ ಅಲ್ಲೇ ಇದೆ. ಯಾರ ಮೇಲಾದರೂ ಸಿಟ್ಟು ಬಂದ ದಿನ ಅದನ್ನು ತೆರೆದು ಹಸಿರು, ನೇರಳೆ, ನೀಲಿ, ಕೇಸರಿ ಎಲ್ಲವನ್ನೂ ಒಮ್ಮೆ ನೋಡಿ, ಚಹಾಕ್ಕೆ ನೀರಿಡುತ್ತೇನೆ.